ಸಭೆಯೂ ಅದರ ಶಿಶುಗಳೂ

ಈ ಸ್ಮರಣಸಂಚಿಕೆಗೆ ನಾನೂ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದರು. ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿಯಾದವಳು ಪರೀಕ್ಷೆ, ಫಲಿತಾಂಶ, ಕಟ್ಟಡದ ನಿಧಿ ಮೊದಲಾದುವನ್ನು ಕುರಿತೇ ಬರೆಯುವಳೆಂದು ಅವರು ಎಣಿಸಿದ್ದಿರಬಹುದು. ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದಿರುವುವು. ನಾನಾದರೋ ನಮ್ಮ ಶಾಲೆಯ ಬಾಗಿಲಿಗೆ ಇನ್ನೂ ಬಾರದಿರುವ ಮೂರು ನಾಲ್ಕು ವರುಷದ ಶಿಶುಗಳನ್ನು ಕುರಿತು ಬರೆಯಲು ಮನಸ್ಸು ಮಾಡಿದ್ದೇನೆ.

ಇದಕ್ಕೆ ಕಾರಣವುಂಟು. ಪ್ರತಿ ವರುಷವೂ ಜೂನ್ ತಿಂಗಳಲ್ಲಿ ಹದಿಮೂರು ವರುಷದ ಬಾಲಿಕೆಯರು ನಮ್ಮಲ್ಲಿ ಎಂಟನೆಯ ತರಗತಿಗೆ ಬಂದು ಸೇರುತ್ತಾರೆ. ಒಬ್ಬಳನ್ನು ಹೆಸರು ಹಿಡಿದು ಕರೆದರೆ ಕತ್ತೆತ್ತಿ ನಗುವಳು. ಮತ್ತೊಬ್ಬಳು ತಾನೇನು ತಪ್ಪು ಮಾಡಿದೆನೋ ಎಂದು ಬೆದರುವಳು. ಈ ಭೇದವು ಅಂದು ಹುಟ್ಟಿದ್ದಲ್ಲ. ಅದರ ಬೇರು ಬಹಳ ಹಿಂದಕ್ಕೆ, ಆ ಮಗುವು ಅಕ್ಷರವನ್ನೇ ಅರಿಯದಿದ್ದ ಕಾಲಕ್ಕೆ, ಹೋಗಿ ಮುಟ್ಟುವುದುಂಟು. ಆ ಕಾಲದಲ್ಲಿ ಮಗುವು ತಂದೆತಾಯಿಗಳ ವಶದಲ್ಲಿರುವುದು ನಿಜ. ಆದರೆ ಅವರಲ್ಲದೆ ಇನ್ನು ಯಾರ ಕಣ್ಣು ಅದರ ಮೇಲೆ ಇದ್ದಿತು ಎಂಬುದೂ ಸಣ್ಣ ಪ್ರಶ್ನೆಯಲ್ಲ. ಕ್ರೈಸ್ತ ಕುಟುಂಬಗಳ ಮಟ್ಟಿಗೆ ಆ ಕಣ್ಣು ಸಭೆಯದಾಗಿರಬೇಕು. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ತಪ್ಪಿನಿಂದ ಕಲಿತೆನು. ಆ ತಪ್ಪನ್ನು ಹೇಳದೆ ಈ ವಿಷಯವನ್ನು ಬರೆಯುವುದು ಪ್ರಾಮಾಣಿಕತೆಯಾಗದು.

ನಮ್ಮ ಊರಿನ ದೇವಾಲಯವನ್ನು ಬಲ್ಲವರಿಗೆ ಅದರ ಗಂಟೆಯ ಪರಿಚಯವಿದ್ದೇ ಇರುವುದು. ಅಂಗಳದಲ್ಲಿ ಎರಡು ಕಂಬಗಳ ನಡುವೆ ಅದನ್ನು ತೂಗಹಾಕಿದೆ. ಅನೇಕ ವರುಷಗಳ ಕಾಲ ಅದನ್ನು ಬಾರಿಸುತ್ತಿದ್ದವಳು ಒಬ್ಬ ವಿಧವೆ. ದೇವಾಲಯವನ್ನು ಗುಡಿಸಿ, ಚಾಪೆಗಳನ್ನು ಹಾಸಿ, ದೀಪಗಳನ್ನು ಒರಸುವ ಕೆಲಸವೂ ಅವಳದೇ. ಎಲ್ಲರೂ ಅವಳನ್ನು ಗಂಟೆ ಅಜ್ಜಿಯೆಂದು ಕರೆಯುತ್ತಿದ್ದೆವು. ಅವಳಿಗೆ ಓದುಬರಹ ಬಾರದು. ನನ್ನ ತಾಯಿಯು ಆಸ್ಪತ್ರೆಯಲ್ಲಿ ದಾದಿಯಾಗಿದ್ದುದರಿಂದ ಅನೇಕ ಭಾನುವಾರಗಳಲ್ಲಿ ಆರಾಧನೆಗೆ ಬರಲಾರಳು. ಆಗೆಲ್ಲ ನಾನು ಕುಳಿತುಕೊಳ್ಳುತ್ತಿದ್ದುದು ಈ ಅಜ್ಜಿಯ ಮಗ್ಗುಲಲ್ಲಿ. ಪ್ರಸಂಗವು ಉದ್ದವಾದರೆ ಅವಳ ತೊಡೆಯ ಮೇಲೆಯೇ ನಿದ್ದೆ. ನಾನು ತರಬೇತಿಯನ್ನು ಮುಗಿಸಿ ಉಪಾಧ್ಯಾಯಿನಿಯಾಗಿ ಊರಿಗೆ ಹಿಂದಿರುಗಿದ ಮೇಲೆಯೂ ಅವಳು ನನ್ನನ್ನು "ಮಗಳೇ" ಎಂದೇ ಕರೆಯುತ್ತಿದ್ದಳು.

೨೦೧೦ರಲ್ಲಿ ಭಾನುವಾರ ಶಾಲೆಯ ಶಿಶುವರ್ಗವನ್ನು ಸಭೆಯವರು ನನಗೆ ಒಪ್ಪಿಸಿದರು. ಆ ವರುಷ ಸೇರಿದವರಲ್ಲಿ ಗಾರೆ ಕೆಲಸದವರೊಬ್ಬರ ಮಗಳು ಒಬ್ಬಳಿದ್ದಳು. ಮೂರು ವರುಷದ ಮಗು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವಳು. ಕರೆದರೆ ಬಾರಳು. ಎಲ್ಲರೂ ಎದ್ದ ಮೇಲೆ ಏಳುವಳು, ಎಲ್ಲರೂ ನಕ್ಕ ಮೇಲೆ ನಗುವಳು. ಕಂಠಪಾಠದ ವಾಕ್ಯವನ್ನು ಒಪ್ಪಿಸೆಂದರೆ ನನ್ನ ಬಾಯನ್ನೇ ನೋಡುತ್ತ ನಿಲ್ಲುವಳು. ನಾನು ಅವಳನ್ನು ಮೊಂಡಳೆಂದು ಎಣಿಸಿದೆನು. ಕೆಲವು ದಿನಗಳಾದ ಮೇಲೆ ಮಂದಬುದ್ಧಿಯವಳೆಂದು ಎಣಿಸಿದೆನು. ಗದರಿಸಿದ್ದೂ ಉಂಟು. ಆ ವರುಷದ ಕ್ರಿಸ್ತಜಯಂತಿಯ ನಾಟಕದಲ್ಲಿ ಉಳಿದ ಮಕ್ಕಳಿಗೆಲ್ಲ ಒಂದೊಂದು ಮಾತನ್ನು ಕಲಿಸಿ, ಅವಳಿಗೆ ಮಾತ್ರ ಕುರಿಮರಿಯ ವೇಷವನ್ನು ಹಾಕಿ ಮೂಲೆಯಲ್ಲಿ ಕುಳ್ಳಿರಿಸಿದೆನು. ತರಬೇತಿ ಪಡೆದ ಉಪಾಧ್ಯಾಯಿನಿಯೆಂಬ ಹೆಮ್ಮೆಯು ನನಗೆ ಆಗ ಸಾಕಷ್ಟಿದ್ದಿತು.

ಮರುವರುಷ ಮಳೆಗಾಲದ ಒಂದು ಭಾನುವಾರ ಗಂಟೆ ಅಜ್ಜಿಯು ನನ್ನನ್ನು ಅಂಗಳದ ಮೂಲೆಗೆ ಕರೆದು ಹೀಗೆಂದಳು: "ಮಗಳೇ, ಆ ಹುಡುಗಿ ಮೊಂಡಳಲ್ಲ ಕಣಮ್ಮ. ನಾನು ಗಂಟೆ ಹೊಡೆದರೆ ಹತ್ತಿರ ಇರೋ ಮಕ್ಕಳೆಲ್ಲ ಕಿವಿ ಮುಚ್ಚಿಕೊಳ್ತವೆ. ಇವಳೊಬ್ಬಳು ಓಡಿಬಂದು ಕಂಬ ತಬ್ಬಿಕೊಂಡು ನಗ್ತಾಳೆ. ಅವಳಿಗೆ ಗಂಟೆ ಕೈಗೆ ಕೇಳಿಸುತ್ತೆ, ಕಿವಿಗೆ ಕೇಳಿಸೋದಿಲ್ಲ."

ನಾನು ನಂಬಲಿಲ್ಲ. ಆ ದಿವಸವೇ ಪರೀಕ್ಷೆ ಮಾಡಿ ನೋಡಿದೆವು. ಮಗುವಿನ ಹಿಂದೆ ನಿಂತು ನಾನು ಅವಳ ಹೆಸರನ್ನು ಮೂರು ಸಲ ಕೂಗಿದೆನು. ಅವಳು ಚಾಪೆಯ ಕಡ್ಡಿಯನ್ನು ಎಳೆಯುತ್ತ ಕುಳಿತೇ ಇದ್ದಳು. ಒಂದು ವರುಷಕ್ಕೂ ಮೀರಿ ಆ ಮಗುವನ್ನು ವಾರ ವಾರವೂ ಎದುರಿಗೆ ಕುಳ್ಳಿರಿಸಿಕೊಂಡಿದ್ದವಳು ನಾನು. ನಾನು ನೋಡಿದ್ದು ಅವಳು ವಾಕ್ಯವನ್ನು ಒಪ್ಪಿಸುವಳೋ ಇಲ್ಲವೋ ಎಂಬುದನ್ನು. ಅಜ್ಜಿಯು ನೋಡಿದ್ದು ಮಗುವನ್ನು.

ಮಗುವಿನ ತಂದೆಯವರಿಗೆ ಇದನ್ನು ತಿಳಿಸಿದಾಗ ಅವರು ಮೊದಲು ಸಿಟ್ಟಾದರು; ಬಳಿಕ ಗೋಡೆಯ ಕಡೆಗೆ ತಿರುಗಿ ಕುಳಿತರು. ತಾಯಿಯು ತನಗೆ ಮುಂಚೆಯೇ ಅನುಮಾನವಿದ್ದಿತೆಂದೂ, ಹೇಳಿದರೆ ಜನರು ಏನೆನ್ನುವರೋ ಎಂದು ಹೆದರಿದ್ದೆನೆಂದೂ ಅತ್ತಳು. ಸಭೆಯ ಸಮಿತಿಯಲ್ಲಿ ವಿಷಯವು ಬಂದಾಗ ಹಿರಿಯರೊಬ್ಬರು, ಉಪವಾಸ ಪ್ರಾರ್ಥನೆಯನ್ನು ಇಟ್ಟರೆ ಸಾಕು, ದೇವರು ವಾಸಿ ಮಾಡುವನೆಂದರು. ಆಗಿನ ಸಭಾಪಾಲಕರು ಸೌಮ್ಯ ಸ್ವಭಾವದವರು. "ಪ್ರಾರ್ಥನೆಯನ್ನೂ ಮಾಡೋಣ, ಬಸ್ಸಿನ ಚಾರ್ಜನ್ನೂ ಕೊಡೋಣ" ಎಂದರು. ಆ ಒಂದು ಮಾತಿನಿಂದ ಚರ್ಚೆಯು ಮುಗಿಯಿತು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ೧೯೬೫ರಿಂದಲೂ ಇರುವುದಷ್ಟೆ. ನಮ್ಮ ಊರಿಗೆ ಅದು ಎರಡು ಗಂಟೆಯ ದಾರಿ. ಆದರೂ ನಮ್ಮಲ್ಲಿ ಅನೇಕರಿಗೆ ಅದರ ಉಪಯೋಗವು ತಿಳಿದಿರಲಿಲ್ಲ. ಅಲ್ಲಿ ಪರೀಕ್ಷಿಸಿ, ಎರಡು ಕಿವಿಗಳಲ್ಲಿಯೂ ಶ್ರವಣಶಕ್ತಿಯು ಬಹಳ ಕಡಿಮೆಯಿರುವುದೆಂದು ಹೇಳಿ, ಶ್ರವಣಯಂತ್ರವನ್ನು ಹಾಕಿಸಿದರು. ಯಂತ್ರವನ್ನು ಹಾಕಿದ ಮಾತ್ರಕ್ಕೆ ಮಾತು ಬಾರದೆಂಬುದನ್ನೂ ತಿಳಿಸಿದರು. ಕೇಳದೆ ಬೆಳೆದ ಮಗುವಿಗೆ ಪ್ರತಿಯೊಂದು ಧ್ವನಿಯನ್ನೂ ಹೊಸದಾಗಿ ಪರಿಚಯ ಮಾಡಿಸಬೇಕು; ತಾಯಿಯು ಮಗುವಿನ ಜೊತೆಯಲ್ಲಿಯೇ ಕುಳಿತು ಆ ಕ್ರಮವನ್ನು ಕಲಿತು, ಮನೆಯಲ್ಲಿ ಎಚ್ಚರವಾಗಿರುವ ಹೊತ್ತೆಲ್ಲ ಅದನ್ನು ನಡೆಸಬೇಕು.

ಕೂಲಿಯಿಂದ ಬದುಕುವ ಮನೆಯಲ್ಲಿ ಇದು ಸುಲಭವೇ? ಆ ತಾಯಿಯ ಕೈಯಲ್ಲಿ ಇನ್ನೊಂದು ಎಂಟು ತಿಂಗಳ ಗಂಡು ಕೂಸು ಇದ್ದಿತು. ಇಲ್ಲಿಯೇ ಸಭೆಯು ಸಭೆಯಾದುದನ್ನು ನಾನು ಕಂಡೆನು. ಮೈಸೂರಿನಲ್ಲಿ ವಾಸವಾಗಿದ್ದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬರು ತಮ್ಮ ಮನೆಯ ಮುಂದಿನ ಕೋಣೆಯನ್ನು ತಾಯಿಮಕ್ಕಳಿಗೆ ಬಿಟ್ಟುಕೊಟ್ಟರು. ಅವರು ಕ್ರೈಸ್ತರಲ್ಲ, ಶಾಲೆಯ ಋಣವೆಂದು ಮಾತ್ರ ಹೇಳಿದರು. ಊರಿನಲ್ಲಿ ಉಳಿದ ತಂದೆಗೆ ವಾರದ ಆರು ದಿವಸವೂ ಆರು ಮನೆಗಳಿಂದ ಸರದಿಯ ಮೇಲೆ ರಾತ್ರಿಯ ಊಟವು ಹೋಯಿತು. ಸ್ತ್ರೀಸಮಾಜದವರು ಹಿಡಿ ಅಕ್ಕಿಯ ಕಾಣಿಕೆಯನ್ನು ಮಾರಿ ಬಸ್ಸಿನ ಖರ್ಚನ್ನು ಕೊಟ್ಟರು. ದಿನವೂ ಅಡಿಗೆಗೆ ಮುಂಚೆ ಒಂದು ಹಿಡಿ ಅಕ್ಕಿಯನ್ನು ದೇವರಿಗೆಂದು ತೆಗೆದಿಡುವ ಈ ಪದ್ಧತಿಯನ್ನು ನಿಮ್ಮ ಅಜ್ಜಿಯರು ಬಲ್ಲರು. ಅದರ ಪ್ರಯೋಜನವನ್ನು ನಾನು ಅಷ್ಟು ಸ್ಪಷ್ಟವಾಗಿ ಅದಕ್ಕೆ ಮುಂಚೆ ಕಂಡಿರಲಿಲ್ಲ. ಹೀಗೆ ಎರಡು ವರುಷ ನಡೆಯಿತು.

ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಎಲ್ಲವೂ ಸುಖಾಂತವಾಯಿತೆಂದು ಹೇಳಬಹುದು. ಆದರೆ ಅದು ಪೂರ್ಣ ಸತ್ಯವಾಗದು. ಆರೋಗ್ಯವಾದ ಶಿಶುವು ಆರು ತಿಂಗಳೊಳಗಾಗಿ ಸದ್ದು ಬಂದ ಕಡೆಗೆ ತಿರುಗತೊಡಗುವುದು. ಒಂದು ವರುಷದ ಸುಮಾರಿಗೆ ಒಂದೆರಡು ಪದಗಳನ್ನು ಆಡುವುದು. ಎರಡು ವರುಷದ ಹೊತ್ತಿಗೆ ಎರಡು ಪದಗಳನ್ನು ಜೋಡಿಸುವುದು. ಮಾತನ್ನು ಗ್ರಹಿಸುವ ಶಕ್ತಿಯು ಮೊದಲಿನ ಕೆಲವು ವರುಷಗಳಲ್ಲಿ ಇರುವಷ್ಟು ಚುರುಕಾಗಿ ಮುಂದೆ ಇರುವುದಿಲ್ಲ. ಆದಕಾರಣ ಕಿವುಡುತನವನ್ನು ಎಷ್ಟು ಬೇಗ ಕಂಡುಹಿಡಿದರೆ ಅಷ್ಟು ಒಳ್ಳೆಯದು. ಈ ಮಗುವಿಗೆ ನಾಲ್ಕು ವರುಷ ಕಳೆದಿದ್ದವು. ಅವಳು ಮಾತನ್ನು ಕಲಿತಳು. ಆದರೆ ಅಪರಿಚಿತರಿಗೆ ಅವಳ ಮಾತು ಇಂದಿಗೂ ಒಂದೇ ಸಲಕ್ಕೆ ತಿಳಿಯದು. ಕಳೆದ ಆ ಕಾಲದಲ್ಲಿ ಒಂದು ವರುಷಕ್ಕೆ ನಾನು ಉತ್ತರ ಹೇಳಬೇಕಾದವಳು.

ಈ ಅನುಭವವಾದ ಮೇಲೆ ಮಾರ್ಕನ ಸುವಾರ್ತೆಯ ೧೦ನೆಯ ಅಧ್ಯಾಯದಲ್ಲಿರುವ ಸಂಗತಿಯನ್ನು ನಾನು ಬೇರೆ ರೀತಿಯಲ್ಲಿ ಓದುತ್ತೇನೆ. ಜನರು ಚಿಕ್ಕ ಮಕ್ಕಳನ್ನು ಕರ್ತನ ಬಳಿಗೆ ತಂದಾಗ ಶಿಷ್ಯರು ಗದರಿಸಿದರು. ಆತನು ಅದಕ್ಕೆ ಕೋಪಗೊಂಡನು. ಗದರಿಸಿದವರು ಊರಿನ ದುಷ್ಟರಲ್ಲ. ಆತನಿಗೆ ಹತ್ತಿರದವರು, ಕೆಲಸವು ಅಚ್ಚುಕಟ್ಟಾಗಿ ನಡೆಯಬೇಕೆಂದು ಬಯಸಿದವರು. ಕರ್ತನು ಆ ಮಕ್ಕಳನ್ನು ಏನನ್ನೂ ಒಪ್ಪಿಸೆಂದು ಕೇಳಲಿಲ್ಲ. ಅಪ್ಪಿಕೊಂಡು, ಅವುಗಳ ಮೇಲೆ ಕೈಯಿಟ್ಟು ಆಶೀರ್ವದಿಸಿದನು.

ಸಭೆಯು ಶಿಶುಗಳ ಹೊಣೆಯನ್ನು ಹೊರುವುದು ಹೊಸ ವಿಷಯವೇನೂ ಅಲ್ಲ. ೧೭೬೭ರಲ್ಲಿ ಆಲ್ಸೇಸ್ ಪ್ರಾಂತದ ಬೆಟ್ಟಗಳ ನಡುವೆ ವಾಲ್ಡರ್ಸ್‌ಬಾಕ್ ಎಂಬ ಬಡ ಹಳ್ಳಿಗೆ ಓಬರ್ಲಿನ್ ಎಂಬ ಸಭಾಪಾಲಕರು ಬಂದರು. ಹಿರಿಯರು ಹೊಲಕ್ಕೆ ಹೋದಾಗ ಚಿಕ್ಕ ಮಕ್ಕಳು ನೋಡುವವರಿಲ್ಲದೆ ಅಲೆಯುತ್ತಿದ್ದುವು. ಅವರ ಸಭೆಯ ಸಾರಾ ಬಾನ್ಜೆ ಎಂಬ ತರುಣಿಯು ಅಂಥ ಮಕ್ಕಳನ್ನು ಕೂಡಿಸಿಕೊಂಡು ಹೆಣಿಗೆಯನ್ನು ಕಲಿಸತೊಡಗಿದಳು. ಓಬರ್ಲಿನ್ನರು ಅದನ್ನು ಪ್ರೋತ್ಸಾಹಿಸಿ ಹಳ್ಳಿಯಿಂದ ಹಳ್ಳಿಗೆ ಹರಡಿದರು. ೧೭೭೯ರಲ್ಲಿ ಹದಿನೈದು ವರುಷದ ಲೂಯಿಸ್ ಶೆಪ್ಲರ್ ಎಂಬ ಬಾಲೆಯು ಅವರ ಮನೆಗೆ ಸೇವಕಿಯಾಗಿ ಬಂದು, ಮುಂದೆ ತನ್ನ ಜೀವಮಾನವನ್ನೆಲ್ಲ ಈ ಕೆಲಸಕ್ಕೆ ಕೊಟ್ಟಳು. ಕಥೆ, ಹಾಡು, ಗಿಡಮೂಲಿಕೆಗಳ ಪರಿಚಯ, ಕೈಕೆಲಸ, ಇವೇ ಅಲ್ಲಿಯ ಪಾಠಗಳು. ಫ್ರೋಬೆಲ್ ಮಹಾಶಯರು ಜರ್ಮನಿಯಲ್ಲಿ ತಮ್ಮ ಶಿಶುಶಾಲೆಯನ್ನು ತೆರೆದು ಅದಕ್ಕೆ ಮಕ್ಕಳ ತೋಟವೆಂಬ ಅರ್ಥದಲ್ಲಿ ಕಿಂಡರ್‌ಗಾರ್ಟನ್ ಎಂದು ೧೮೪೦ರಲ್ಲಿ ಹೆಸರಿಟ್ಟುದಕ್ಕೆ ಎಷ್ಟೋ ಮುಂಚೆಯೇ ಹಳ್ಳಿಯ ಹೆಣ್ಣುಮಕ್ಕಳು ಈ ಕೆಲಸವನ್ನು ಮಾಡಿ ತೋರಿಸಿದ್ದರು. ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಗಂಟೆ ಅಜ್ಜಿಯ ನೆನಪಾಗುವುದು.

ಹಾಗಾದರೆ ನಮ್ಮ ಸಭೆಗಳು ಮಾಡತಕ್ಕದ್ದೇನು? ನಮ್ಮಲ್ಲಿ ಆ ಮಗುವಿನ ತರುವಾಯ ಮಾಡಿದ ಕೆಲವು ಮಾರ್ಪಾಡುಗಳನ್ನು ಹೇಳುತ್ತೇನೆ. ಇವುಗಳಿಗೆ ಹೆಚ್ಚು ಹಣವು ಬೇಕಾಗಿಲ್ಲ.

ಮೊದಲನೆಯದು, ಮಗುವನ್ನು ಅರಿಯುವುದು. ಶಿಶುವಿಗೆ ದೀಕ್ಷಾಸ್ನಾನವನ್ನು ಮಾಡಿಸುವಾಗ ಅದನ್ನು ಬೆಳೆಸುವುದರಲ್ಲಿ ಸಹಾಯ ಮಾಡುವೆವೆಂದು ಸಭೆಯವರೂ ಎದ್ದುನಿಂತು ಮಾತು ಕೊಡುತ್ತೇವೆ. ಕಾಫಿ ಬಿಸ್ಕತ್ತಿನ ಹೊತ್ತಿಗೆ ಆ ಮಾತು ಮರೆತುಹೋಗುವುದು. ಈಗ ನಮ್ಮಲ್ಲಿ ಪ್ರತಿ ಶಿಶುವಿನ ಹೆಸರಿನ ಎದುರಿಗೂ ನೆಂಟರಲ್ಲದ ಒಬ್ಬ ಹಿರಿಯರ ಹೆಸರನ್ನು ಬರೆದಿಡುತ್ತೇವೆ. ಅವರು ವಾರಕ್ಕೊಮ್ಮೆಯಾದರೂ ಮಗುವಿನೊಡನೆ ಐದು ನಿಮಿಷ ಮಾತನಾಡಬೇಕು. ಮಗುವು ಹೇಳುವುದನ್ನು ಕೇಳಬೇಕು. ಎರಡು ಭಾನುವಾರ ಕಾಣದಿದ್ದರೆ ಮನೆಗೆ ಹೋಗಿ ವಿಚಾರಿಸಬೇಕು.

ಎರಡನೆಯದು, ಚಾಪೆಯನ್ನು ಮುಂದಕ್ಕೆ ತಂದದ್ದು. ಮಕ್ಕಳ ಗದ್ದಲವು ಆರಾಧನೆಗೆ ಅಡ್ಡಿಯೆಂದು ಹಿಂದೆ ಅವುಗಳನ್ನು ಬಾಗಿಲ ಬಳಿಯಲ್ಲಿ ಕುಳ್ಳಿರಿಸುತ್ತಿದ್ದೆವು. ಅಲ್ಲಿಂದ ಅವುಗಳಿಗೆ ಕಾಣುತ್ತಿದ್ದುದು ದೊಡ್ಡವರ ಬೆನ್ನು ಮಾತ್ರ. ಮುಂದೆ ಕುಳಿತ ಮಗುವಿಗೆ ಸಭಾಪಾಲಕರ ಮುಖವೂ ಹಾಡುವವರ ಬಾಯಿಯೂ ಕಾಣುವುವು. ಗದ್ದಲವು ಸ್ವಲ್ಪ ಹೆಚ್ಚಿತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಪ್ರಸಂಗವು ಸ್ವಲ್ಪ ಗಿಡ್ಡವಾಯಿತು. ಇದಕ್ಕಾಗಿ ದುಃಖಪಟ್ಟವರು ಕಡಿಮೆ.

ಮೂರನೆಯದು, ಶಿಶುವರ್ಗದಲ್ಲಿ ಕಂಠಪಾಠಕ್ಕೆ ಬಹುಮಾನವನ್ನು ನಿಲ್ಲಿಸಿದ್ದು. ವಾಕ್ಯಗಳನ್ನು ಕಲಿಯಬಾರದೆಂದು ನಾನು ಹೇಳುವುದಿಲ್ಲ. ನಾಲ್ಕು ವರುಷದ ಮಗುವನ್ನು ಅದರಿಂದ ಅಳೆಯಬಾರದೆನ್ನುತ್ತೇನೆ. ಕಥೆಯನ್ನು ಹೇಳಿ ಆಡಿಸುವುದು, ಜೇಡಿಮಣ್ಣಿನಲ್ಲಿ ನೋಹನ ನಾವೆಯನ್ನು ಮಾಡಿಸುವುದು, ಹಾಡಿಗೆ ಕೈತಾಳ ಹಾಕಿಸುವುದು, ಬೆಳೆಹಬ್ಬದಲ್ಲಿ ಮಗುವು ತಾನೇ ನೆಟ್ಟ ಅವರೆಯ ಬಳ್ಳಿಯನ್ನು ತರುವಂತೆ ಮಾಡುವುದು, ಇವುಗಳಿಂದ ಭಾಷೆಯೂ ಕೈಯೂ ಭಕ್ತಿಯೂ ಒಟ್ಟಿಗೆ ಬೆಳೆಯುವುವು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರುಷದ ವರೆಗಿನ ಕಾಲವನ್ನು ಒಂದೇ ಬುನಾದಿಯ ಹಂತವೆಂದು ಎಣಿಸಿ, ಆಟದ ಮೂಲಕ ಕಲಿಸಬೇಕೆಂದು ವಿಧಿಸಿರುವುದು. ಮಗುವಿನೊಡನೆ ಮನೆಯ ಮಾತಿನಲ್ಲಿಯೇ ಆಡಿರೆಂದು ತಾಯಂದಿರಿಗೆ ನಾನು ವಿಶೇಷವಾಗಿ ಹೇಳುವುದುಂಟು. ಮುರುಕು ಇಂಗ್ಲಿಷಿನ ಎರಡು ಮಾತಿಗಿಂತ ತಾಯಿನುಡಿಯ ಇನ್ನೂರು ಮಾತು ಮಗುವಿಗೆ ದೊಡ್ಡ ಆಸ್ತಿ.

ನಾಲ್ಕನೆಯದು, ಸರ್ಕಾರದ ಏರ್ಪಾಡುಗಳೊಡನೆ ಕೈಜೋಡಿಸುವುದು. ೧೯೭೫ನೆಯ ಇಸವಿ ಅಕ್ಟೋಬರ್ ೨ರಂದು ಪ್ರಾರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ನಮ್ಮ ರಾಜ್ಯದಲ್ಲಿ ಮೊದಲು ಬಂದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಇಂದು ಅಂಗನವಾಡಿಯಿಲ್ಲದ ಹಳ್ಳಿಯು ವಿರಳ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಅಂಗನವಾಡಿಯ ಮಕ್ಕಳನ್ನು ವರುಷಕ್ಕೆ ಎರಡು ಸಲ ವೈದ್ಯರ ತಂಡವು ಪರೀಕ್ಷಿಸಬೇಕು. ಆ ದಿವಸ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳದಂತೆ ತಾಯಿಗೆ ನೆನಪು ಮಾಡುವುದೂ, ಮುಂದಿನ ಪರೀಕ್ಷೆಗೆ ಬರೆದುಕೊಟ್ಟರೆ ಜೊತೆಯಲ್ಲಿ ಹೋಗುವುದೂ ಸಭೆಯ ಸ್ತ್ರೀಯರಿಗೆ ತಕ್ಕ ಸೇವೆ. ತೂಕ, ಕಣ್ಣು, ಕಿವಿ, ನಡಿಗೆ, ಇವನ್ನು ನೋಡಿಸುವುದು ನಂಬಿಕೆಯ ಕೊರತೆಯಲ್ಲ.

ಐದನೆಯದನ್ನು ಹೇಳಲು ಕೆಲವರು ಸಂಕೋಚಪಡುವರು, ಆದರೂ ಹೇಳಲೇಬೇಕು. ದೇವರ ಮನೆಯೆಂಬ ಕಾರಣದಿಂದಲೇ ಯಾರೂ ವಿಚಾರಿಸದೆ ಮಕ್ಕಳನ್ನು ಬಿಟ್ಟುಹೋಗುವ ಸ್ಥಳವು ಹೆಚ್ಚು ಎಚ್ಚರವಾಗಿರಬೇಕು. ಯಾವ ದೊಡ್ಡವರೂ ಒಂದು ಮಗುವಿನೊಡನೆ ಮುಚ್ಚಿದ ಬಾಗಿಲಿನ ಹಿಂದೆ ಒಬ್ಬರೇ ಇರಬಾರದೆಂಬ ನಿಯಮವನ್ನು ನಮ್ಮಲ್ಲಿ ಬರೆದು ಗೋಡೆಗೆ ಹಾಕಿದೆ. ಅದು ಸಭಾಪಾಲಕರಿಗೂ ನನಗೂ ಸಲ್ಲುವುದು. ಮಗುವಿನ ಮೇಲೆ ಲೈಂಗಿಕ ಅಪರಾಧವು ನಡೆದುದು ತಿಳಿದವರು ಅದನ್ನು ಅಧಿಕಾರಿಗಳಿಗೆ ತಿಳಿಸಲೇಬೇಕೆಂದು ೨೦೧೨ರ ಪೋಕ್ಸೋ ಕಾಯಿದೆಯು ವಿಧಿಸಿದೆ. ಸಭೆಯ ಮಾನವನ್ನು ಉಳಿಸುವೆವೆಂದು ಮಗುವಿನ ಬಾಯನ್ನು ಮುಚ್ಚಿಸುವುದು ಪಾಪ.

ಈ ಸಂಚಿಕೆಯನ್ನು ಓದುವ ತಂದೆತಾಯಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಬಹುಮಂದಿ ಇದ್ದೀರಿ. ನಾನು ಸಭೆಯನ್ನು ಕುರಿತು ಹೇಳಿದುದು ನನಗೆ ಅದು ಗೊತ್ತಿರುವ ಮನೆಯಾದುದರಿಂದ. ನಿಮ್ಮ ಗುಡಿ, ಮಠ, ಮಸೀದಿಗಳ ಅಂಗಳದಲ್ಲಿಯೂ ಶಿಶುಗಳು ಆಡುತ್ತವೆ; ಅಲ್ಲಿಯೂ ಒಬ್ಬ ಅಜ್ಜಿಯು ಕುಳಿತಿರುವಳು. ಅವಳ ಮಾತನ್ನು ಕೇಳಿರಿ.

ಆ ಹುಡುಗಿಯು ೨೦೨೦ರಲ್ಲಿ ನಮ್ಮ ಶಾಲೆಗೇ ಎಂಟನೆಯ ತರಗತಿಗೆ ಸೇರಿದಳು. ಮುಂದಿನ ವರುಷ ತರಗತಿಗಳು ಪುನಃ ತೆರೆದಾಗ ಎಲ್ಲರ ಬಾಯಿಗೂ ಮುಖಗವಸು ಇದ್ದುದರಿಂದ ಅವಳಿಗೆ ತುಟಿಯು ಕಾಣದೆ ಬಹಳ ಕಷ್ಟವಾಯಿತು. ಪಕ್ಕದಲ್ಲಿ ಕುಳಿತ ಗೆಳತಿಯು ಪಾಠವನ್ನೆಲ್ಲ ಬರೆದು ತೋರಿಸುತ್ತಿದ್ದಳು. ೨೦೨೩ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನನಗೆ ಸಿಹಿಯನ್ನು ಕೊಡಲು ಬಂದಳು. ನನ್ನ ಕೋಣೆಯ ಗೋಡೆಯ ಮೇಲೆ ೨೦೧೦ರ ಕ್ರಿಸ್ತಜಯಂತಿಯ ಚಿತ್ರವು ಇರುವುದು. ಅದನ್ನು ಬಹಳ ಹೊತ್ತು ನೋಡಿ, "ಟೀಚರ್, ಎಲ್ಲರಿಗೂ ಮಾತು ಇತ್ತು, ನನಗೆ ಯಾಕೆ ಇರಲಿಲ್ಲ?" ಎಂದು ಕೇಳಿದಳು.

"ನಿನಗೆ ಬಾರದೆಂದು ನಾನು ತಪ್ಪಾಗಿ ತಿಳಿದಿದ್ದೆ. ನಿನ್ನದೇನೂ ತಪ್ಪಿರಲಿಲ್ಲ. ನನ್ನನ್ನು ಕ್ಷಮಿಸು," ಎಂದೆನು.

ಅವಳು ನನ್ನ ತುಟಿಯನ್ನು ನೋಡುತ್ತಿದ್ದಳು. ಎಲ್ಲವೂ ಅವಳಿಗೆ ತಿಳಿಯಿತು. ಸ್ವಲ್ಪ ಯೋಚಿಸಿ, "ಕುರಿಮರಿ ವೇಷ ಚೆನ್ನಾಗಿತ್ತು ಟೀಚರ್," ಎಂದು ನಕ್ಕಳು.

ಗಂಟೆ ಅಜ್ಜಿಯು ೨೦೧೯ರಲ್ಲಿ ಕರ್ತನಲ್ಲಿ ನಿದ್ರೆಹೋದಳು. ಈಗ ಭಾನುವಾರಗಳಲ್ಲಿ ಶಿಶುವರ್ಗದ ಚಾಪೆಯನ್ನು ಹಾಸುವವಳು ಆ ಹುಡುಗಿಯೇ. ಹೊಸ ಮಗುವೊಂದು ಬಂದರೆ ಅವಳು ಅದನ್ನು ಮೊದಲು ಗಂಟೆಯ ಬಳಿಗೆ ಕರೆದುಕೊಂಡು ಹೋಗಿ, ಗಂಟೆಯು ಬಾರಿಸುವಾಗ ಅದರ ಮುಖವನ್ನು ನೋಡುತ್ತ ನಿಲ್ಲುವಳು. ಇದನ್ನು ಅವಳಿಗೆ ನಾನು ಕಲಿಸಲಿಲ್ಲ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಬಹುಮಂದಿ ಈಗ ತಾಯಂದಿರು, ಕೆಲವರು ಅಜ್ಜಿಯರು. ಮುಂದಿನ ಭಾನುವಾರ ಆರಾಧನೆಯು ಮುಗಿದ ಮೇಲೆ ನಿಮ್ಮದಲ್ಲದ ಒಂದು ಮಗುವಿನ ಎದುರಿಗೆ ಮೊಣಕಾಲೂರಿ ಕುಳಿತು, ಅದರ ಹೆಸರನ್ನು ಕೇಳಿ, ಉತ್ತರವು ಬರುವ ವರೆಗೂ ಕಾದಿರಬೇಕೆಂದು ನಿಮ್ಮನ್ನು ಬೇಡಿಕೊಳ್ಳುತ್ತೇನೆ.